ಕದ್ದು ಕೇಳಿದ ಕಂಪಾದ್ರೆಗೆ

ಕಿರೋಗಾ ಬಡಾವಣೆ, ಬೊಗೋಟಾ
ಮೇ 2012, ಭಾನುವಾರ

ಕಂಪಾದ್ರೆ ಎಲಿಯೆಸೆರ್ ಅವರಿಗೆ,

ಈ ಒಂದು ಸಾಲು ಬರೆಯುವುದಕ್ಕೆ ಎಷ್ಟು ಹಾಳೆ ಹರಿದೆ ಅಂತ ಕೇಳಬೇಡಿ. ಮೊದಲು 'ಪ್ರೀತಿಯ ಕಂಪಾದ್ರೆ' ಅಂತ ಬರೆದೆ, 'ಪ್ರೀತಿಯ' ಹೊಡೆದು ಹಾಕಿದೆ. ಬರೀ 'ಎಲಿಯೆಸೆರ್' ಅಂತ ಬರೆದು ನೋಡಿದರೆ ಠಾಣೆಯಲ್ಲಿ ಹೆಸರು ಕೂಗಿದ ಹಾಗಿತ್ತು. ಸಂಜೆ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಕಲಿಸಿದ ಒಂದು ಆರಂಭ ನೆನಪಾಯಿತು, 'ಸರ್, ಐ ಬೆಗ್ ಟು ಸ್ಟೇಟ್' ಅಂತ. ಅದರ ಮುಂದೆ ಏನು ಬರಬೇಕು ಅನ್ನುವುದು ಮರೆತೇ ಹೋಗಿದೆ. ಕೊನೆಗೆ ಅನ್ನಿಸಿತು, ಏನು ಮಾಡಿದರೂ ಈ ಮನುಷ್ಯ ಕಂಪಾದ್ರೆಯೇ. ನನ್ನ ಮಗಳು ಮಿರೆಯಾಳ ತಲೆಯ ಮೇಲೆ ಪಾದ್ರಿ ನೀರು ಸುರಿದಾಗ ಧರ್ಮಪಿತನಾಗಿ ಮೇಣದಬತ್ತಿ ಹಿಡಿದು ನಿಂತವರು ನೀವು. ಆ ಗಳಿಗೆಯಿಂದ ನೀವು ನನಗೆ ಕಂಪಾದ್ರೆ, ನಾನು ನಿಮಗೆ ಕಂಪಾದ್ರೆ. ನಮ್ಮಲ್ಲಿ ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾಗುತ್ತಾರೆ, ಗಂಡಹೆಂಡತಿ ಬೇರೆಯಾಗುತ್ತಾರೆ. ಕಂಪಾದ್ರೆಗಳನ್ನು ಬೇರೆ ಮಾಡುವ ಕೋರ್ಟು ಇನ್ನೂ ಹುಟ್ಟಿಲ್ಲ.

ನಿಮಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮಂಗಳವಾರದಿಂದ ನಮ್ಮ ಮನೆಯ ಫೋನಿನ ಮೇಲೆ ಎಡಿಲ್ಮಾಳ ಉಣ್ಣೆಯ ಶಾಲು ಹೊದಿಸಿ ಇಟ್ಟಿದ್ದೇನೆ. ಅದನ್ನು ನೋಡಿದರೆ ಹಾವಾಡಿಗನ ಬುಟ್ಟಿ ನೋಡಿದ ಹಾಗಾಗುತ್ತದೆ.

ಮಂಗಳವಾರ ಬೆಳಿಗ್ಗೆ ಏನಾಯಿತು ಅಂತ ಹೇಳುತ್ತೇನೆ. ಒಲೆಯ ಮೇಲೆ ಕುಡಿಯುವ ಚಾಕೊಲೇಟ್ ಇಟ್ಟು ಕಡೆಗೋಲಿನಲ್ಲಿ ಕಡೆಯುತ್ತಿದ್ದೆ. ಮಂಡಿ ನೋಯುತ್ತಿತ್ತು, ಮಳೆ ಬರುವ ಹಾಗಿತ್ತು. ನಡುಮನೆಯಲ್ಲಿ ಟೀವಿ ಹಚ್ಚಿಟ್ಟಿದ್ದೆ. ನೋಡುವುದಕ್ಕಲ್ಲ, ಮನೆಯಲ್ಲಿ ಯಾರೋ ಮಾತಾಡುತ್ತಿರಲಿ ಅಂತ. ಕರೆಂಟ್ ಬಿಲ್ ಅಂತ ಮಿರೆಯಾ ಬೈಯುತ್ತಾಳೆ, ನಿಮಗೆ ಗೊತ್ತಲ್ಲ. ಆ ದಿನ ಕೋರ್ಟಿನ ವಿಚಾರಣೆ ತೋರಿಸುತ್ತಿದ್ದರು. ಸರ್ಕಾರದ ಗುಪ್ತಚರ ಕಚೇರಿಯವರು ಜಡ್ಜುಗಳ, ಪತ್ರಕರ್ತರ, ಅವರ ಗುಮಾಸ್ತರ, ಗುಮಾಸ್ತರ ಅತ್ತೆ ಮಾವಂದಿರ ಮನೆಯ ಫೋನುಗಳನ್ನೆಲ್ಲ ಕದ್ದು ಕೇಳಿದ್ದರಲ್ಲ, ಅದೇ ಕೇಸು. ಪೇಪರಿನಲ್ಲಿ ಓದಿ ಮಡಚಿ ಇಟ್ಟಿದ್ದೆ. ದೊಡ್ಡವರ ವ್ಯವಹಾರ, ನಮಗೇನು ಅಂತ.

ಸರ್ಕಾರಿ ವಕೀಲ, ಮಾದರಿಗಾಗಿ ಒಂದು ಧ್ವನಿಮುದ್ರಿಕೆ ಕೇಳಿಸುತ್ತೇವೆ ಅಂದ. ಕರಕರ ಸದ್ದಾಯಿತು. ಆಮೇಲೆ ನನ್ನ ನಡುಮನೆಯಿಂದ ನನ್ನ ಹೆಂಡತಿ ಮಾತಾಡಿದಳು.

"ಹಲೋ, ಕದ್ದು ಕೇಳ್ತಿರೋ ಸ್ವಾಮಿಗಳೇ, ಊಟ ಆಯ್ತಾ? ಆಗಿಲ್ಲಾಂದ್ರೆ ಹೋಗಿ ಊಟ ಮಾಡ್ಕೊಂಡು ಬನ್ನಿ. ನಾನು ನನ್ನ ತಂಗಿ ಹತ್ರ ಅವಳ ಸೊಸೆ ಬಗ್ಗೆ ಮಾತಾಡ್ಬೇಕು. ಅದ್ರಿಂದ ಆ ಸೊಸೆಗೆ ಅಪಾಯ ಇದೆಯೇ ಹೊರತು ದೇಶಕ್ಕಿಲ್ಲ."

ಕಂಪಾದ್ರೆ, ಸತ್ತು ಏಳು ವರ್ಷವಾದ ಎಡಿಲ್ಮಾ! ಬಾಯಿಗೆ ರೊಟ್ಟಿ ಹಾಕಿಕೊಂಡೇ ಮಾತಾಡುವ ಅದೇ ದನಿ! ಕೋರ್ಟಿನಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕರು. ಜಡ್ಜೂ ಮೂಗಿನ ಕೆಳಗೆ ಕೈ ಹಿಡಿದು ನಕ್ಕ. ನಾನು ಕಡೆಗೋಲು ಹಿಡಿದೇ ಬಂದು ನಡುಮನೆಯ ಬಾಗಿಲಲ್ಲಿ ನಿಂತೆ. ಅವಳು ಯಾರೆಂದು ಆ ಸಭಾಂಗಣದಲ್ಲಿ ಒಬ್ಬರಿಗೂ ಗೊತ್ತಿಲ್ಲ, ಎಲ್ಲರೂ ಅವಳ ಮಾತಿಗೆ ನಗುತ್ತಿದ್ದಾರೆ. ಹಿಂದೆ ಚಾಕೊಲೇಟ್ ಉಕ್ಕಿ ಒಲೆ ಆರಿಸಿತು. ಕೋಪ ಬಂದು ಕಡೆಗೋಲನ್ನು ಟೀವಿಯ ಕಡೆಗೆ ಎಸೆದೆ. ಗೋಡೆಯ ಮೇಲೆ ಇನ್ನೂ ಕಲೆ ಇದೆ, ಒರೆಸಿಲ್ಲ.

ಅವಳು ಹಾಗೆ ಫೋನಿಗೆ ನಮಸ್ಕಾರ ಹೇಳುತ್ತಿದ್ದದ್ದು ನಿಮಗೆ ಹೊಸದಲ್ಲ. ಆಗ ಊರಿಗೆ ಊರೇ ಹಾಗೆ ತಮಾಷೆ ಮಾಡುತ್ತಿತ್ತು. ಫೋನ್ ಎತ್ತಿದರೆ ಟಿಕ್ ಅಂತ ಒಂದು ಸದ್ದು, ಅದಕ್ಕೊಂದು ತಮಾಷೆ. ಆದರೆ ತಮಾಷೆ ಮಾಡಿದರೂ ಅವಳು ಹುಷಾರಿದ್ದಳು. ಸಮುದಿಯೊ ಮೇಡಂ ಅಂಥ ಜಡ್ಜಿನ ಗುಮಾಸ್ತೆ ಅಂದರೆ ಸುಮ್ಮನೆಯೇ? ಕಾಣೆಯಾದ ಹುಡುಗರ ಕೇಸು ಅವರ ಮೇಜಿನ ಮೇಲಿತ್ತು. ಫೋನಿನಲ್ಲಿ ಕಚೇರಿಯ ಒಂದು ಮಾತನ್ನೂ ಅವಳು ಆಡಿದವಳಲ್ಲ. ಬಸ್ಸಿನಲ್ಲಿ ಆಡಿದವಳಲ್ಲ, ಚರ್ಚಿನಲ್ಲಿ ಪಾಪನಿವೇದನೆಯ ಪಾದ್ರಿಗೂ ಹೇಳಿದವಳಲ್ಲ. ಅವಳು ಬಾಯಿ ಬಿಡುತ್ತಿದ್ದದ್ದು ಒಂದೇ ಜಾಗದಲ್ಲಿ, ನಮ್ಮ ಅಡುಗೆಮನೆಯಲ್ಲಿ. ಅಲ್ಲಿ ಇರುತ್ತಿದ್ದವರು ನಾವು, ಮನೆಯವರು.

ಆಮೇಲೆ ಸಾಕ್ಷಿಯನ್ನು ಕರೆದರು. ಕಪ್ಪು ಪರದೆಯ ಹಿಂದೆ ಒಂದು ಕುರ್ಚಿ. ಹೆಸರಿಲ್ಲ, ಮುಖವಿಲ್ಲ, ದನಿಯನ್ನೂ ಬದಲಿಸಿದ್ದರು. ಕೊಡದೊಳಗೆ ಕೂತ ಕಪ್ಪೆ ಮಾತಾಡಿದ ಹಾಗಿತ್ತು. ಆ ಕಪ್ಪೆ ಹೇಳಿತು, ತಾನು ಟೆಲಿಫೋನ್ ರಿಪೇರಿಯವನ ವೇಷದಲ್ಲಿ ಮನೆಗಳಿಗೆ ಹೋಗಿ ಯಂತ್ರ ಕೂರಿಸುತ್ತಿದ್ದೆ ಅಂತ. ಈಗ ಕೇಳಿಸಿದ ಹೆಂಗಸಿನ ಮನೆಗೂ ಹೋಗಿದ್ದೆ ಅಂತ. "ಆ ಯಮ್ಮ ಊಟ ಹಾಕದೆ ಯಾರನ್ನೂ ಹೊರಗೆ ಬಿಡ್ತಿರಲಿಲ್ಲ ಸ್ವಾಮಿ" ಅಂದಿತು. ನಾನು ಇನ್ನೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ನಮ್ಮ ಮನೆಗೆ ರಿಪೇರಿಗೆ ಬಂದವರು ಎಷ್ಟೋ ಜನ, ಯಾವನೋ ಒಬ್ಬ ಅಂದುಕೊಂಡೆ.

ಆಗ ವಕೀಲ ಕೇಳಿದ, ಆ ಮನೆಯವರಿಗೂ ನಿಮಗೂ ಏನಾದರೂ ಸಂಬಂಧ ಉಂಟೇ ಅಂತ.

ಪರದೆಯ ಹಿಂದೆ ಕುರ್ಚಿ ಕಿರುಗುಟ್ಟಿತು. ಆಮೇಲೆ, "ಅವರ ಮಗೂಗೆ ನಾನು ಧರ್ಮಪಿತ" ಅಂತ ಬಂತು. "ಅವರೇ ಕೇಳ್ಕೊಂಡ್ರು. ನಾನು ಮೇಲಿನವರಿಗೆ ಹೇಳ್ದೆ, ಸಾರ್, ಹಿಂಗಾಗಿದೆ, ನನಗೆ ಮನಸ್ಸು ಒಪ್ತಿಲ್ಲ ಅಂತ. ಅವರು ನಕ್ಬಿಟ್ರು. ಲೇ ಪೆದ್ದ, ಒಪ್ಕೋ, ತಂತಿಯಾದ್ರೆ ಯಾವತ್ತಾದ್ರೂ ಕಿತ್ತು ಹೋಗುತ್ತೆ, ಕಂಪಾದ್ರೆ ಕಿತ್ತು ಹೋಗಲ್ಲ ಅಂದ್ರು."

ದೀಕ್ಷಾಸ್ನಾನದ ದಿನ ಗಾಳಿಗೆ ಎರಡು ಸಲ ಮೇಣದಬತ್ತಿ ಆರಿತು, ಆ ಯಮ್ಮ ನನ್ನ ಕಿವಿಯಲ್ಲಿ, "ಏನ್ ಕಂಪಾದ್ರೆ, ಇಲ್ಲೂ ಲೈನ್ ಸರಿ ಇಲ್ವಾ?" ಅಂದಳು ಅಂತಲೂ ಹೇಳಿತು ಆ ಕಪ್ಪೆ.

ಆ ಮಾತು ಅವಳು ಆಡಿದ್ದು ನಿಮ್ಮ ಕಿವಿಯಲ್ಲಿ. ಪಕ್ಕದಲ್ಲಿ ನಿಂತಿದ್ದ ನನಗೆ ಕೇಳಿಸಿತ್ತು. ಮೂರನೆಯವರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಈ ಮಂಡಿ ಇಟ್ಟುಕೊಂಡು ನೆಲದಿಂದ ಏಳುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು, ಎಷ್ಟು ಸಲ ಎಬ್ಬಿಸಿದ್ದೀರಿ ನೀವೇ.

ನೀವು ಮೊದಲ ಸಲ ಬಂದ ದಿನ ನೆನಪಿದೆಯೇ? ಮಿರೆಯಾ ಇನ್ನೂ ಬೋರಲು ಬೀಳುತ್ತಿದ್ದ ಕೂಸು. ಫೋನ್ ಕೆಟ್ಟಿತ್ತು. ಈಗ ಅನ್ನಿಸುತ್ತದೆ, ಕೆಟ್ಟಿತ್ತೋ ಕೆಡಿಸಿದ್ದಿರೋ. ನೀವು ಗೋಡೆಯ ಬುಡದಲ್ಲಿ ಕೂತು ತಂತಿ ಬಿಚ್ಚುತ್ತಿದ್ದಿರಿ. ನಾನು ಕೆಲಸದಿಂದ ಬಂದವನು ನಿಮ್ಮ ಬೂಟು ನೋಡಿ, ಇವನೂ ನನ್ನ ಹಾಗೆ ಮನೆ ಮನೆ ಸುತ್ತುವವನು ಅಂದುಕೊಂಡೆ. ಎರಡು ಜೊತೆ ಬೂಟುಗಳಿಗೂ ಹಿಮ್ಮಡಿ ಒಂದೇ ಕಡೆ ಸವೆದಿತ್ತು. ಎಡಿಲ್ಮಾ ಅಹಿಯಾಕೊ ಸಾರು ಮಾಡಿದ್ದಳು, ಕೋಳಿ, ಮೂರು ಥರದ ಆಲೂಗಡ್ಡೆ. ನೀವು, "ಬೇಡ ತಾಯಿ, ಡ್ಯೂಟೀಲಿದ್ದೀನಿ" ಅಂದಿರಿ. ಅವಳು, "ನಿಮ್ಮ ಡ್ಯೂಟಿ ಕಿವಿದು, ಬಾಯಿಗೇನು ರಜಾ ಇದೆಯಲ್ಲ" ಅಂದಳು. ಟೆಲಿಫೋನಿನವನು ಅನ್ನುವ ಅರ್ಥದಲ್ಲಿ ಅಂದದ್ದು ಪಾಪ. ನಿಮ್ಮ ಮುಖ ಬಿಳಿಚಿಕೊಂಡಿತು. ಹಸಿವಿನಿಂದ ಇರಬೇಕು ಅಂದುಕೊಂಡು ಇನ್ನೊಂದು ತುಂಡು ಕೋಳಿ ಹಾಕಿದಳು.

ಹಾಗೆ ಶುರುವಾದದ್ದು. ಫೋನ್ ಆಗಾಗ ಕೆಡುತ್ತಿತ್ತು, ನೀವು ಬರುತ್ತಿದ್ದಿರಿ. ನಿಮಗೆ ಈ ಊರಿನಲ್ಲಿ ಯಾರೂ ಇಲ್ಲ ಅಂದಿರಿ. ಅದಾದರೂ ನಿಜವೇ? ಮಗುವಿಗೆ ಹೆಸರಿಡುವ ಹೊತ್ತಿಗೆ ಎಡಿಲ್ಮಾಳೇ ಹೇಳಿದಳು, "ಈ ಟೆಲಿಫೋನಿನವನನ್ನೇ ಧರ್ಮಪಿತ ಮಾಡ್ಕೊಳ್ಳೋಣ ಕಣ್ರೀ. ಒಳ್ಳೆ ಮನುಷ್ಯ. ಊಟ ಆದ್ಮೇಲೆ ತಟ್ಟೆ ತಾನೇ ತೊಳೆದಿಡ್ತಾನೆ." ತಟ್ಟೆ ತೊಳೆದವನನ್ನು ನಂಬಿದೆವು, ಕಂಪಾದ್ರೆ.

ನಾನು ನೀರಿನ ಮೀಟರ್ ಓದುವವನಾಗಿದ್ದೆ. ಈ ನಗರದ ಎಷ್ಟು ಮನೆಗಳ ಒಳಗೆ ಹೋಗಿದ್ದೇನೆ ಅಂತ ನನಗೇ ಲೆಕ್ಕವಿಲ್ಲ. ಮೀಟರ್ ಕೆಲವರ ಮನೆಯಲ್ಲಿ ಹಿತ್ತಲಿನಲ್ಲಿ, ಕೆಲವರದ್ದು ಅಡುಗೆಮನೆಯಲ್ಲಿ, ಒಬ್ಬರದ್ದಂತೂ ಮಂಚದ ಕೆಳಗೆ. ಜಗಳ ನೋಡಿದ್ದೇನೆ, ಅಳು ನೋಡಿದ್ದೇನೆ, ಒಬ್ಬರ ಮನೆಯಲ್ಲಿ ಕಪಾಟಿನ ಹಿಂದೆ ಅಡಗಿಸಿಟ್ಟಿದ್ದ ಬಂದೂಕನ್ನೂ ನೋಡಿದ್ದೇನೆ. ಕರಿ ಕಾಫಿ ಕೊಟ್ಟರೆ ಕುಡಿದು, ಸಂಖ್ಯೆ ಬರೆದುಕೊಂಡು ಹೊರಗೆ ಬರುತ್ತಿದ್ದೆ. ಆ ಮನೆಗಳಿಂದ ನಾನು ಹೊತ್ತುಕೊಂಡು ಬಂದದ್ದು ಆ ಸಂಖ್ಯೆ ಒಂದೇ. ಸರ್ಕಾರಕ್ಕೆ ನನ್ನಿಂದ ಬೇಕಿದ್ದದ್ದೂ ಅಷ್ಟೇ ಅಂತ ನಂಬಿದ್ದೆ. ಇನ್ನೊಬ್ಬನನ್ನು ಬೂಟು ತೊಡಿಸಿ ನನ್ನ ಮನೆಗೇ ಕಳಿಸಿದೆ ಅಂತ ನನಗೆ ಹೇಗೆ ಹೊಳೆಯಬೇಕು?

ನಾನೂ ಏನು ಸಾಮಾನ್ಯನಲ್ಲ, ಸರ್ಕಾರದ ಪರವಾಗಿ ಎಷ್ಟು ವಾದ ಮಾಡಿದ್ದೆ! ಬಾಂಬುಗಳ ವರ್ಷ ಅದು. ಮಾರ್ಕೆಟ್ಟಿನ ಹತ್ತಿರ ಸಿಡಿದದ್ದಕ್ಕೆ ನಮ್ಮ ರೊಟ್ಟಿ ಅಂಗಡಿಯ ಗಾಜು ಪುಡಿಯಾಗಿ, ಒಂದು ವಾರ ರೊಟ್ಟಿಯನ್ನು ಮುರಿದು ನೋಡಿಯೇ ತಿಂದೆವು. ಬಿಲ್ಲೆ ಎಸೆಯುವ ತೇಹೊ ಆಟದಲ್ಲಿ ಬಿಯರ್ ಹಿಡಿದುಕೊಂಡು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೆ, ಕದ್ದು ಕೇಳಲಿ ಬಿಡ್ರಯ್ಯ, ಬಾಂಬ್ ಇಡುವವನನ್ನು ಮತ್ತೆ ಹೇಗೆ ಹಿಡಿಯುತ್ತಾರೆ, ನನ್ನ ಮನೆಯಲ್ಲಿ ಕೇಳುವುದಕ್ಕೆ ಏನಿದೆ, ನನ್ನ ಗೊರಕೆ. ಎಲ್ಲರೂ ನಗುತ್ತಿದ್ದರು. ನೀವು ಮಾತ್ರ ಲೋಹದ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸುತ್ತಾ ನಿಲ್ಲುತ್ತಿದ್ದಿರಿ, ಎಸೆದರೆ ಗುರಿ ತಪ್ಪುತ್ತಿತ್ತು. "ಕಂಪಾದ್ರೆಗೆ ಬಿಯರ್ ಏರಿತು" ಅಂತ ನಿಮ್ಮನ್ನು ಛೇಡಿಸುತ್ತಿದ್ದೆವು.

ಈಗಲೂ ನಾನು ಬಾಂಬ್ ಇಡುವವನ ಪರ ಅಲ್ಲ. ಅವನನ್ನು ಹಿಡಿಯಲಿ, ಹಿಡಿಯುವುದಕ್ಕೆ ಕಿವಿ ಬೇಕಾದರೆ ಇಡಲಿ, ಯಾವನಾದರೂ ಜಡ್ಜಿನ ಮುಂದೆ ನಿಂತು ಕಾರಣ ಹೇಳಿ, ಹೆಸರು ಹೇಳಿ, ಕೇಳಿಕೊಂಡು ಇಡಲಿ. ಆದರೆ ನಮ್ಮಲ್ಲಿ ಆದದ್ದೇನು? ಜಡ್ಜಿನ ಮನೆಗೇ, ಜಡ್ಜಿನ ಗುಮಾಸ್ತೆಯ ಮನೆಗೇ ಕಿವಿ ಇಟ್ಟರು. ಇಷ್ಟು ವರ್ಷದಲ್ಲಿ ಆ ಮನೆಯಿಂದ ದೇಶದ ಭದ್ರತೆಗೆ ಏನಾದರೂ ಸಿಕ್ಕಿತೇ ಅಂತ ವಕೀಲ ಕೇಳಿದಾಗ ನೀವು, "ಇಲ್ಲ ಸ್ವಾಮಿ, ಏನೂ ಸಿಗಲಿಲ್ಲ" ಅಂದಿರಿ. ಮತ್ತೆ ಯಂತ್ರ ಯಾಕೆ ತೆಗೆಯಲಿಲ್ಲ? "ಹಾಕೋಕೆ ಆರ್ಡರ್ ಬಂತು. ತೆಗೆಯೋಕೆ ಬರಲೇ ಇಲ್ಲ. ಆ ಮನೆ ಟೇಪು ಕೇಳಿ ಬರೆದು ಕೊಡೋದೂ ನನ್ನ ಕೆಲಸಾನೇ ಆಗಿತ್ತು." ತೆಗೆಯಲು ಯಾರೂ ಹೇಳಲಿಲ್ಲ ಅಂತ ನಮ್ಮ ಇಡೀ ಸಂಸಾರವನ್ನು ಕೇಳುತ್ತಾ ಕೂತರು!

ಇದನ್ನೆಲ್ಲ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ನುಂಗಲಾಗದ್ದು ಮುಂದೆ ಬಂತು.

"ಜಡ್ಜ್ ಮೇಡಂ ತೋಟಕ್ಕೆ ಹೋಗೋ ವಿಷಯ ಫೋನಲ್ಲಿ ಸಿಕ್ಕಿದ್ದಲ್ಲ" ಅಂದಿತು ಕಪ್ಪೆ. "ಅದು ಅಡುಗೆಮನೇಲಿ ಗೊತ್ತಾಗಿದ್ದು. ನಾನು ಮೇಲೆ ತಿಳಿಸ್ದೆ. ಅವರು ಹೂವು ಕಳಿಸ್ತಾರೆ ಅಂತ ನನಗೆ ಗೊತ್ತಿರಲಿಲ್ಲ."

ಹೂವು!

ಮೇಡಂ ತಮ್ಮ ತಾಯಿಯ ಹುಟ್ಟುಹಬ್ಬಕ್ಕೆ ಫುಸಗಸುಗಾ ಹತ್ತಿರದ ತೋಟಕ್ಕೆ ಕಾವಲಿನವರನ್ನೂ ಬಿಟ್ಟು ಗುಟ್ಟಾಗಿ ಹೋಗಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಹೂವಿನ ಅಂಗಡಿಯ ಗಾಡಿ ಬಂತು. ಸತ್ತವರಿಗೆ ಇಡುವ ದೊಡ್ಡ ಹೂಚಕ್ರ, ಅದರ ನೇರಳೆ ರಿಬ್ಬನ್ನಿನ ಮೇಲೆ ಮೇಡಂ ಹೆಸರು. ಊಟದ ಮೇಜಿನ ಸುತ್ತ ಅವರ ಚಿಕ್ಕ ಮಗ ಓಡಾಡುತ್ತಿದ್ದ. ಅಂಥ ಹೂವಿನ ಅರ್ಥ ನಮ್ಮ ದೇಶದಲ್ಲಿ ಮಕ್ಕಳಿಗೂ ಗೊತ್ತು. ಮರುವಾರವೇ ಅವರು ಮಗನನ್ನು ಕರೆದುಕೊಂಡು ದೇಶ ಬಿಟ್ಟರು. ಕಾಣೆಯಾದ ಹುಡುಗರ ಕೇಸು ಮುಚ್ಚಿತು. ಹೋಗುವ ಮುಂಚೆ ಎಡಿಲ್ಮಾಳನ್ನು ಕೋಣೆಗೆ ಕರೆದು, "ನಾನು ಎಲ್ಲಿಗೆ ಹೋಗ್ತೀನಿ ಅನ್ನೋದು ನನಗೆ ಗೊತ್ತಿತ್ತು, ನಿನಗೆ ಗೊತ್ತಿತ್ತು. ಇನ್ನು ಮಾತು ಬೇಡ" ಅಂದರಂತೆ.

ಅವಳ ಕೆಲಸ ಹೋಯಿತು, ಅದು ಇರಲಿ. ಆಮೇಲಿನ ಕ್ರಿಸ್ಮಸ್ಸುಗಳಲ್ಲಿ ಮೇಡಂ ತಾಯಿಯ ಮನೆಗೆ ಬಾಳೆಲೆ ಸುತ್ತಿ ಬೇಯಿಸಿದ ತಮಾಲೆ ಕಡುಬು ಕಳಿಸುತ್ತಿದ್ದಳು, ದಾರ ಕೂಡ ಬಿಚ್ಚದೆ ವಾಪಸ್ ಬರುತ್ತಿತ್ತು. ಆ ವಾಪಸ್ ಬಂದ ತಮಾಲೆಗಳನ್ನು ನಮ್ಮ ಜೊತೆ ಕೂತು ತಿಂದವರು ನೀವು!

ಈಗ ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರುವುದು ನನ್ನ ಅಭ್ಯಾಸ, ಮೀಟರ್ ಓದಿದ ಕಾಲುಗಳು.

ಎಡಿಲ್ಮಾ ಆ ವಾರವೆಲ್ಲ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದಳು. ಫೋನಿನಲ್ಲಿ ಹೇಳಿಲ್ಲ. ಕಚೇರಿಯಲ್ಲಿ ಹೇಳಿಲ್ಲ. ಅಕ್ಕಪಕ್ಕದಲ್ಲಿ ಹೇಳಿಲ್ಲ. "ಇಲ್ಲೇ ಹೇಳಿದ್ದು, ಈ ಒಲೆ ಮುಂದೆ" ಅಂದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಆ ಸಂಜೆ ಮೇಡಂ ತೋಟಕ್ಕೆ ಹೋಗುವ ಮಾತು ಆಡಿದಾಗ ಆ ಒಲೆಯ ಮುಂದೆ ನೀವೂ ಇದ್ದಿರಿ, ಮಿರೆಯಾಳ ಮುರಿದ ಆಟದ ಕುದುರೆಗೆ ಅಂಟು ಹಚ್ಚುತ್ತಾ ಕೂತಿದ್ದಿರಿ. ಆದರೆ ನಿಮ್ಮನ್ನು ಅವಳೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ. ಕಂಪಾದ್ರೆಯನ್ನು ಯಾರಾದರೂ ಎಣಿಸುತ್ತಾರೆಯೇ? ಹಾಗಾಗಿ ಲೆಕ್ಕದಲ್ಲಿ ಉಳಿದವನು ನಾನೊಬ್ಬನೇ. ತೇಹೊ ಆಡುವಾಗ ಬಿಯರ್ ಕುಡಿದು ಬಾಯಿ ಬಿಡುವ ಗಂಡ!

ಅವಳು ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು, ಆಣೆ ಮಾಡಬಹುದಿತ್ತು. ಅವಳು ಮಾತು ಕಡಿಮೆ ಮಾಡಿದಳು, ಅಷ್ಟೇ. ಸಾರು ಬಡಿಸುತ್ತಿದ್ದಳು, ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು, ನಗುತ್ತಲೂ ಇದ್ದಳು. ಆದರೆ ಹೊರಗೆ ಏನಾಯಿತು, ಯಾರು ಏನಂದರು ಅನ್ನುವುದನ್ನು ನನಗೆ ಹೇಳುವುದು ನಿಲ್ಲಿಸಿದಳು. ಭಾನುವಾರ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ನೆಯ್ವಾದಲ್ಲಿದ್ದ ತಂಗಿ ನೊಹೋರಾಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಬಾಗಿಲ ಹತ್ತಿರ ಬಂದರೆ ದನಿ ಇಳಿಯುತ್ತಿತ್ತು. ನನ್ನ ಮನೆಯಲ್ಲಿ ನಾನು ಕೆಮ್ಮಿ ಕೋಣೆಗೆ ಹೋಗಬೇಕಾಯಿತು. ನಾನು ಯಾರಿಗೂ ಏನೂ ಹೇಳಿರಲಿಲ್ಲ, ಕಂಪಾದ್ರೆ. ಕೆಲವು ಸಲ ನನಗೇ ಅನುಮಾನ ಬರುತ್ತಿತ್ತು. ಕುಡಿದಾಗ ಎಲ್ಲಾದರೂ ಅಂದುಬಿಟ್ಟೆನಾ? ನಿಮ್ಮನ್ನೇ ಕೇಳಿದ್ದೆ, ನೆನಪಿದೆಯೇ? "ಕಂಪಾದ್ರೆ, ನಾನು ಕುಡಿದಾಗ ಮೇಡಂ ವಿಷಯ ಏನಾದ್ರೂ ಬಾಯಿ ಬಿಟ್ಟಿದ್ನಾ?" ಅಂತ. ನೀವು ನನ್ನ ಹೆಗಲ ಮೇಲೆ ಕೈ ಇಟ್ಟು, "ನನಗಂತೂ ಕೇಳಿಸಲಿಲ್ಲ ಕಂಪಾದ್ರೆ" ಅಂದಿರಿ.

ಥೂ! ನಿನಗೆ ಕೇಳಿಸಲಿಲ್ಲವೇ? ಊರಿಗೇ ಕಿವಿಯಾಗಿದ್ದ ನಿನಗೆ?

'ನೀನು' ಅಂತ ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ. ಹಾಗೇ ಇರಲಿ.

ಆಸ್ಪತ್ರೆಯ ಕೊನೆಯ ದಿನ. ನೀವು ಸಾರಿನ ಡಬ್ಬಿ ಹಿಡಿದುಕೊಂಡು ಬಂದು ಕಿಟಕಿಯ ಹತ್ತಿರ ನಿಂತಿದ್ದಿರಿ. ಅವಳು ನನ್ನ ಕೈ ಹಿಡಿದುಕೊಂಡು, "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಕಣ್ರೀ" ಅಂದಳು. ಯಾವುದಕ್ಕೆ ಸಿಟ್ಟಿಲ್ಲ? ಗೊರಕೆಗಾ? ಮದುವೆಯ ವರ್ಷ ಅವಳ ತಾಯಿಗೆ ಅಂದ ಮಾತಿಗಾ? ಹೂಚಕ್ರಕ್ಕಾ? ಕೇಳಲು ನನಗೆ ಧೈರ್ಯ ಬರಲಿಲ್ಲ. ಏಳು ವರ್ಷದಿಂದ ದಿನಾ ಒಲೆ ಹಚ್ಚುವಾಗ ಆ ಮಾತು ತಿರುಗಿಸಿ ಮುರುಗಿಸಿ ನೋಡುತ್ತೇನೆ. ಕ್ಷಮೆಯ ಹಾಗೂ ಇದೆ, ತೀರ್ಪಿನ ಹಾಗೂ ಇದೆ. ಆ ಹೊತ್ತಿನಲ್ಲಿ ನೀವು ತಿರುಗಿ, 'ಅವನಲ್ಲ, ನಾನು' ಅಂದಿದ್ದರೆ? ಎರಡೇ ಪದ! ನೀವು ಕಿಟಕಿಯ ಆಚೆ ಪಾರಿವಾಳ ನೋಡುತ್ತಿದ್ದಿರಿ. ಆಮೇಲೆ ಅವಳ ಶವಪೆಟ್ಟಿಗೆಗೆ ಹೆಗಲು ಕೊಟ್ಟಿರಿ, ನನ್ನ ಎದುರಿನ ಮೂಲೆಯಲ್ಲೇ.

ಇನ್ನೊಂದು ನನಗೆ ಅರ್ಥವೇ ಆಗದ್ದು. ಅವಳ ಕೆಲಸ ಹೋದ ಮೇಲೆ, ನಿಮ್ಮ ಕಚೇರಿಗೆ ನಮ್ಮ ಮನೆಯಲ್ಲಿ ಕೆಲಸವಿಲ್ಲದ ಮೇಲೆ, ನೀವು ಯಾಕೆ ಬರುತ್ತಿದ್ದಿರಿ? ಮಿರೆಯಾಗೆ ಸೈಕಲ್ ಕಲಿಸಿದ್ದು ಯಾಕೆ? ಡಿಸೆಂಬರಿನ ಒಂಬತ್ತು ರಾತ್ರಿ ಪ್ರಾರ್ಥನೆಗೆ ನಮ್ಮ ಮನೆಗೇ ಬಂದು ಗಿಲಕಿ ಆಡಿಸಿದ್ದು ಯಾಕೆ? ಎಡಿಲ್ಮಾ ಹೋದ ಮೇಲೆ ನನ್ನ ಜೊತೆ ಕೂತು, ಅವಳಂತೆ ಆಗದ ಸಾರನ್ನು ಚೆನ್ನಾಗಿದೆ ಅಂತ ಕುಡಿದದ್ದು ಯಾಕೆ? ಅದಕ್ಕೂ ಸಂಬಳವಿತ್ತೇ? ಇತ್ತು ಅಂದರೆ ನನಗೆ ಒಂದು ಥರ ಸಮಾಧಾನ. ಇರಲಿಲ್ಲ ಅಂದರೆ ನಿಮ್ಮನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ಬುಧವಾರ ನಾನೇ ಕೋರ್ಟಿಗೆ ಹೋದೆ. ಹೆಸರು ಹೇಳಿದೆ, ಆ ದನಿ ನನ್ನ ಹೆಂಡತಿಯದ್ದು ಅಂದೆ. ಅಲ್ಲಿಯ ಚಿಕ್ಕ ವಯಸ್ಸಿನ ವಕೀಲೆ ಎದ್ದು ನಿಂತು ತನ್ನ ಕುರ್ಚಿಯನ್ನೇ ಕೊಟ್ಟಳು. "ತಾತ, ನಿಮ್ಮ ಮನೆಯ ಟೇಪುಗಳೆಲ್ಲ ನೆಲಮಾಳಿಗೆಯಲ್ಲಿವೆ. ಬೇಕು ಅಂದ್ರೆ ಕೇಳಬಹುದು, ಬೇಡ ಅಂದ್ರೆ ಸಹಿ ಹಾಕಿ, ಸುಟ್ಟು ಹಾಕ್ತೀವಿ" ಅಂದಳು. ಸುಡಿ ಅಂದೆ. ನಮ್ಮ ಸಂಸಾರದ ಮಾತು ಸರ್ಕಾರದ ನೆಲಮಾಳಿಗೆಯಲ್ಲಿ ಯಾಕಿರಬೇಕು? ಅವರು ಕದ್ದದ್ದನ್ನು ನಾನು ಮುಟ್ಟಿದರೆ ಆ ಕಳ್ಳತನದಲ್ಲಿ ನನಗೂ ಪಾಲು ಬರುತ್ತದೆ. ಕಾಗದ ಮನೆಗೆ ತಂದು ಸಹಿ ಹಾಕಿಟ್ಟಿದ್ದೇನೆ.

ಮಿರೆಯಾಗೆ ಇನ್ನೂ ಗೊತ್ತಿಲ್ಲ. ಬರುವ ಶನಿವಾರ ಅವಳ ಮದುವೆ. ದೀಕ್ಷಾಸ್ನಾನದ ಮೇಣದಬತ್ತಿಯನ್ನು ಎಡಿಲ್ಮಾ ಬಟ್ಟೆ ಸುತ್ತಿ ಇಟ್ಟಿದ್ದಳಲ್ಲ, ಅದನ್ನು ಧರ್ಮಪಿತನೇ ಮತ್ತೆ ಹಚ್ಚಬೇಕು ಅಂತ ಮಗಳ ಹಟ. ನಿನ್ನೆ ಬಂದು, "ಅಪ್ಪಾ, ಧರ್ಮಪಿತ ಯಾಕೆ ಫೋನ್ ಎತ್ತುತ್ತಿಲ್ಲ? ಸೂಟ್ ಹೊಲಿಸೋಕೆ ನಾಚ್ಕೊಂಡು ಅಡಗಿ ಕೂತಿದ್ದಾರಾ?" ಅಂತ ನಕ್ಕಳು. ಅವಳ ನಗು ಅವಳಮ್ಮನದ್ದೇ. ನಾನು ಗೋಡೆಯ ಮೇಲಿನ ಚಾಕೊಲೇಟ್ ಕಲೆಗೆ ಬೆನ್ನು ಕೊಟ್ಟು ನಿಂತೆ.

ಅದಕ್ಕೇ ಈ ಪತ್ರ. ಪರದೆಯ ಹಿಂದೆ ಹೇಳಿದ್ದು ನನಗೆ ಸಾಲದು. ಅಲ್ಲಿ ಎಡಿಲ್ಮಾ 'ಆ ಯಮ್ಮ', ನಾನು 'ಅವರು', ನೀವು ಕಪ್ಪೆ. ಸಮುದಿಯೊ ಮೇಡಂ ವಾಪಸ್ ಬಂದಿದ್ದಾರೆ, ಇಲ್ಲೇ ಚಾಪಿನೆರೊ ಬಡಾವಣೆಯಲ್ಲಿ ಇದ್ದಾರೆ, ವಯಸ್ಸಾಗಿದೆ. ಗುರುವಾರ ಬೆಳಿಗ್ಗೆ ನಾನು ಅವರ ಮನೆಯ ಬೀದಿಯ ತುದಿಯಲ್ಲಿ ನಿಂತಿರುತ್ತೇನೆ. ನೀವು ಬರಬೇಕು. ನಿಮ್ಮ ಸ್ವಂತ ಮುಖ, ಸ್ವಂತ ದನಿಯಲ್ಲಿ, ಎಡಿಲ್ಮಾ ನಿಮಗೆ ಮೋಸ ಮಾಡಲಿಲ್ಲ ಮೇಡಂ, ಅವಳ ಗಂಡನೂ ಮಾಡಲಿಲ್ಲ, ಮಾಡಿದವನು ನಾನು ಅಂತ ಹೇಳಬೇಕು. ಅಲ್ಲಿಂದ ಸ್ಮಶಾನಕ್ಕೆ ಹೋಗಿ ಅವಳ ಮುಂದೆ ಅದನ್ನೇ ಹೇಳಬೇಕು, ಗಟ್ಟಿಯಾಗಿ. ನೀವು ಪಿಸುಗುಟ್ಟುವುದು ಸಾಕು. ಸಂಜೆ ಮಿರೆಯಾ ಬರುತ್ತಾಳೆ, ಅವಳಿಗೂ ಹೇಳಬೇಕು. ಶನಿವಾರ ಮೇಣದಬತ್ತಿ ಯಾರು ಹಚ್ಚಬೇಕು ಅನ್ನುವುದನ್ನು ಅವಳೇ ಹೇಳಲಿ. ನಾನು ಹೇಳುವುದಿಲ್ಲ. ಬರದಿದ್ದರೆ ಈ ಪತ್ರದ ಇನ್ನೊಂದು ಪ್ರತಿಯನ್ನು ನಾನೇ ಅವಳ ಕೈಗೆ ಕೊಡುತ್ತೇನೆ.

ಕೊನೆಯಲ್ಲಿ ಏನು ಬರೆಯಬೇಕು ಅಂತ ಮತ್ತೆ ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಾಗುತ್ತಾರೆ. ಗೊತ್ತಿರುವವರಿಗೆ ಒಂದು ಥರ, ಗೊತ್ತಿಲ್ಲದವರಿಗೆ ಇನ್ನೊಂದು ಥರ ಸಹಿ ಮಾಡಬೇಕು ಅಂತಿದ್ದರು. ಯಾವುದು ಯಾರಿಗೆ ಅನ್ನುವುದು ಮರೆತಿದ್ದೇನೆ. ನೀವು ಯಾರು ಅನ್ನುವುದೂ ಈಗ ಗೊತ್ತಿಲ್ಲವಾದ್ದರಿಂದ ನಡೆಯುತ್ತದೆ.

ಯುವರ್ಸ್ ಫೇತ್‌ಫುಲಿ,
ಮಿರೆಯಾಳ ಅಪ್ಪ
ಹಿಲ್ದಾರ್ದೊ

ವಿ.ಸೂ.: ಟೇಪು ಸುಡುವ ಕಾಗದಕ್ಕೆ ಸಹಿ ಹಾಕಿದ್ದೇನೆ ಅಂತ ಮೇಲೆ ಬರೆದದ್ದು ಸುಳ್ಳು. ಎಡಿಲ್ಮಾಳ ಶಾಲಿನ ಕೆಳಗೆ, ಫೋನಿನ ಪಕ್ಕದಲ್ಲಿ ಖಾಲಿಯಾಗಿಯೇ ಇದೆ. ಕಡೆಗೋಲು ಎಸೆದೆ ಅಂದದ್ದೂ ಸುಳ್ಳು. ಅದು ಕೈ ಜಾರಿ ಬಿತ್ತು, ಗೋಡೆಗೆ ಸಿಡಿಯಿತು. ಅವಳ ದನಿ ಕೇಳಿದಾಗ ನನಗೆ ಮೊದಲು ಬಂದದ್ದು ಕೋಪವಲ್ಲ, ಸಂತೋಷ. ಎಷ್ಟು ಸಂತೋಷವಾಯಿತು ಅಂದರೆ, ಹೀಗ್ಯಾಕಾಯಿತು ನನಗೆ ಅಂತ ಆಮೇಲೆ ದಿಗಿಲಾಯಿತು. ನೊಹೋರಾಳೂ ಈಗ ಇಲ್ಲ. ಆ ಭಾನುವಾರಗಳಲ್ಲಿ ಬಾಗಿಲು ಹಾಕಿಕೊಂಡು ಎಡಿಲ್ಮಾ ತಂಗಿಗೆ ನನ್ನ ಬಗ್ಗೆ ಏನು ಹೇಳುತ್ತಿದ್ದಳು ಅಂತ ಗೊತ್ತಿರುವ ಮನುಷ್ಯ ಭೂಮಿಯ ಮೇಲೆ ನೀವೊಬ್ಬರೇ. ಹೂಚಕ್ರದ ಮಾತು ಬಾಯಿ ಬಿಟ್ಟವನು ನಾನು ಅಂತ ಅವಳು ನಂಬಿದ್ದಳೇ, ಕಂಪಾದ್ರೆ? ಗುರುವಾರ ಮೇಡಂ ಮನೆಗೆ ಹೋಗುವ ಮುಂಚೆ, ಬೀದಿಯ ತುದಿಯಲ್ಲೇ, ನನಗೆ ಅದೊಂದನ್ನು ಹೇಳಿಬಿಡಿ.